ಎರಡು ಕಟ್ಟಡಗಳ ನಡುವಣ ಬಯಲು

ಕಳೆದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ‘ನಮ್ಮ ಮನೆ’ ಎಂಬ ವಿಷಯವನ್ನು ಪ್ರಬಂಧಕ್ಕೆ ಕೊಟ್ಟಿದ್ದೆ. ಇಂತಹ ವಿಷಯಕ್ಕೆ ಬರುವ ಉತ್ತರಗಳು ಸಾಮಾನ್ಯವಾಗಿ ಒಂದೇ ಅಚ್ಚಿನವು. ಮನೆಯಲ್ಲಿ ಎಷ್ಟು ಜನ, ತಂದೆಯವರ ಉದ್ಯೋಗವೇನು, ದೇವರ ಪಟ ಯಾವ ಗೋಡೆಗಿದೆ ಎಂಬಲ್ಲಿಗೆ ಪ್ರಬಂಧವು ಮುಗಿಯುವುದು. ಆದರೆ ಒಬ್ಬ ಹುಡುಗನು ಹೀಗೆ ಬರೆದಿದ್ದನು: “ನಮ್ಮ ಹೊಸ ಮನೆ ಏಳು ಮಾಳಿಗೆಯ ಕಟ್ಟಡದಲ್ಲಿ ಒಂದನೆಯ ಮಾಳಿಗೆಯ ಮೇಲಿದೆ. ಹಗಲಾಯಿತೋ ರಾತ್ರಿಯಾಯಿತೋ ಎಂಬುದನ್ನು ನಾವು ಗಡಿಯಾರ ನೋಡಿ ತಿಳಿಯುತ್ತೇವೆ.” ವಾಕ್ಯದಲ್ಲಿ ಕಾಗುಣಿತದ ಎರಡು ತಪ್ಪುಗಳಿದ್ದವು. ಅವನ್ನು ತಿದ್ದಲು ಕೆಂಪು ಲೇಖನಿ ಎತ್ತಿದವನು ಬಹಳ ಹೊತ್ತು ಹಾಗೆಯೇ ಕುಳಿತೆ.

ಈ ಹುಡುಗನ ತಂದೆತಾಯಿಗಳು ಮೊದಲು ಝೋಪಡಪಟ್ಟಿಯಲ್ಲಿದ್ದರು. ಮಳೆಗಾಲದಲ್ಲಿ ತಗಡಿನ ಸೋರಿಕೆ, ಬೇಸಗೆಯಲ್ಲಿ ಅದೇ ತಗಡಿನ ಕಾವು, ಬೆಳಗಿನ ಜಾವ ನಳದ ಮುಂದೆ ಸಾಲು, ಸಂಡಾಸಿನ ಮುಂದೆ ಇನ್ನೊಂದು ಸಾಲು. ಅಲ್ಲಿಂದ ಅವರು ಪಕ್ಕಾ ಮನೆಗೆ ಬಂದರು. ಈಗ ಸ್ವಂತದ ನಳವಿದೆ, ಸ್ವಂತದ ಸಂಡಾಸಿದೆ, ಬಾಗಿಲಿಗೆ ಬೀಗವಿದೆ. ಇದು ಸಣ್ಣ ಮಾತಲ್ಲ. ಇದನ್ನು ಸಣ್ಣ ಮಾತೆಂದು ಬಗೆಯುವವರು ಒಂದು ಮಳೆಗಾಲವನ್ನಾದರೂ ತಗಡಿನ ಕೆಳಗೆ ಕಳೆದು ಬರಲಿ. ಆದರೆ ಅಷ್ಟನ್ನೆಲ್ಲ ಕೊಟ್ಟ ಮನೆಯು, ಹಿಂದೆ ಬೇಡದೆ ಸಿಗುತ್ತಿದ್ದ ಒಂದು ವಸ್ತುವನ್ನು ಸದ್ದಿಲ್ಲದೆ ಕಸಿದುಕೊಂಡಿತು. ಆ ವಸ್ತುವು ಬೆಳಕು.

ವಿದ್ಯಾರ್ಥಿ ಮಿತ್ರರೇ, ಈ ಲೇಖನದಲ್ಲಿ ನಾನು ಮನೆಯ ವಿಷಯವಾಗಿ ಹೇಳುವುದಕ್ಕಿಂತ ಹೆಚ್ಚಾಗಿ ಮನೆಯಲ್ಲದ ಜಾಗದ ವಿಷಯವಾಗಿ, ಎಂದರೆ ಒಂದು ಕಟ್ಟಡಕ್ಕೂ ಮತ್ತೊಂದು ಕಟ್ಟಡಕ್ಕೂ ನಡುವೆ ಇರುವ ಬಯಲಿನ ವಿಷಯವಾಗಿ ಹೇಳಬೇಕೆಂದಿರುವೆನು. ವಾಸ್ತುಶಿಲ್ಪವೆಂದೊಡನೆ ನಿಮ್ಮ ಕಣ್ಣ ಮುಂದೆ ಬೇಲೂರಿನ ಮದನಿಕೆಯರೋ, ಬೋರಿಬಂದರದ ಗೋಪುರವೋ ಬಂದು ನಿಲ್ಲುವುದು ಸಹಜ. ಅವೆಲ್ಲವೂ ಕಣ್ಣಿಗೆ ಹಬ್ಬವೇ. ಆದರೆ ನಮ್ಮ ನಿಮ್ಮ ಆರೋಗ್ಯವನ್ನೂ ಓದನ್ನೂ ನಿದ್ದೆಯನ್ನೂ ನಿರ್ಧರಿಸುವ ವಾಸ್ತುಶಿಲ್ಪವು ಈ ಬರಿಯ ಬಯಲಿನಲ್ಲಿದೆ. ಅದನ್ನು ನೋಡಲು ಯಾರೂ ಟಿಕೆಟು ಕೊಳ್ಳುವುದಿಲ್ಲ.

ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇದೇ ಮುಂಬಯಿಯಲ್ಲಿ ಈ ಬಯಲಿಗಾಗಿ ದೊಡ್ಡ ಚರ್ಚೆಯಾಯಿತು. 1896ರ ಸೆಪ್ಟೆಂಬರದಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಾಸರು. ಸಾವಿರಗಟ್ಟಲೆ ಜನ ಸತ್ತರು. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಗಾಬರಿಗೊಂಡ ಸರಕಾರವು 1898ರಲ್ಲಿ ‘ಬಾಂಬೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’ ಎಂಬ ನಗರಸುಧಾರಣಾ ಮಂಡಲಿಯನ್ನು ಕಾಯಿದೆಯ ಮೂಲಕ ಸ್ಥಾಪಿಸಿತು. ಇಂದು ನೀವು ಓಡಾಡುವ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್, ಮಹಮ್ಮದಲಿ ರೋಡ್ ಮುಂತಾದುವು ಆ ಮಂಡಲಿಯು ಇಕ್ಕಟ್ಟಾದ ಕೇರಿಗಳನ್ನು ಕಡಿದು ತೆಗೆದ ಬೀದಿಗಳು. ಸಮುದ್ರದ ಗಾಳಿಯು ಊರಿನ ಹೊಟ್ಟೆಯೊಳಕ್ಕೆ ನುಗ್ಗಿದರೆ ರೋಗ ಹೋಗುವುದೆಂಬ ನಂಬಿಕೆ ಆಗ ಬಲವಾಗಿತ್ತು.

ಆ ನಂಬಿಕೆ ಪ್ಲೇಗಿನ ಮಟ್ಟಿಗೆ ತಪ್ಪಾಗಿತ್ತು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. 1898ರಲ್ಲಿಯೇ ಫ್ರೆಂಚ್ ವೈದ್ಯ ಪಾಲ್-ಲೂಯಿ ಸೀಮೋಂ ಎಂಬವರು ಇದನ್ನು ತೋರಿಸಿದರೂ, ಜನ ಒಪ್ಪಲು ಕೆಲವು ವರ್ಷಗಳೇ ಬೇಕಾದವು. ಆದರೆ ತಪ್ಪು ಕಾರಣಕ್ಕಾಗಿ ಮಾಡಿದ ಕೆಲಸವೂ ಒಮ್ಮೊಮ್ಮೆ ಬೇರೊಂದು ಒಳ್ಳೆಯ ಫಲವನ್ನು ಕೊಡುವುದುಂಟು. ಗಾಳಿ ಬೆಳಕುಗಳಿಲ್ಲದ ಕೋಣೆಯಲ್ಲಿ ಬೇರೂರುವ ಮತ್ತೊಂದು ರೋಗವು ಪ್ಲೇಗಿನಂತೆ ಬೊಬ್ಬಿಡದೆ ಮೆಲ್ಲನೆ ಜನರನ್ನು ಕೊಲ್ಲುತ್ತಿತ್ತು. ಅದೇ ಕ್ಷಯ.

ಆ ಮಂಡಲಿಯ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಎಂಬ ಅಧಿಕಾರಿಯು 1912ರಲ್ಲಿ ಮುಂಬಯಿಯ ಮನೆಗಳಲ್ಲಿನ ಗಾಳಿ ಬೆಳಕುಗಳನ್ನು ಕುರಿತು ಉಪನ್ಯಾಸ ಮಾಡಿ, ಒಂದು ಸರಳವಾದ ನಿಯಮವನ್ನು ಎತ್ತಿ ಹಿಡಿದನು. ಅದಕ್ಕೆ 63½ ಡಿಗ್ರಿಯ ನಿಯಮವೆಂದು ಹೆಸರು. ರೇಖಾಗಣಿತವೆಂದರೆ ಮುಖ ಸಿಂಡರಿಸುವವರು ಇಲ್ಲಿ ಒಂದು ನಿಮಿಷ ತಾಳ್ಮೆ ತಂದುಕೊಳ್ಳಿರಿ. ನಿಮ್ಮ ಮನೆಯ ಗೋಡೆಯ ಬುಡದಲ್ಲಿ ನಿಂತು ಎದುರಿನ ಕಟ್ಟಡದ ನೆತ್ತಿಯನ್ನು ನೋಡಿದಿರೆನ್ನಿ. ನಿಮ್ಮ ದೃಷ್ಟಿಯ ಗೆರೆಯು ನೆಲದೊಡನೆ ಮಾಡುವ ಕೋನವು 63½ ಡಿಗ್ರಿಗಿಂತ ಹೆಚ್ಚಾಗಬಾರದು. ಇಷ್ಟೇ ಆ ನಿಯಮ. ಈ ಸಂಖ್ಯೆಯೇ ಏಕೆ? ಚೌಕುಳಿಯ ಕಾಗದದ ಮೇಲೆ ಒಂದು ಚೌಕ ಅಗಲ, ಎರಡು ಚೌಕ ಎತ್ತರ ಇರುವಂತೆ ಒಂದು ತ್ರಿಕೋನವನ್ನು ಬರೆದು ಕೋನಮಾಪಕವನ್ನು ಇಟ್ಟು ನೋಡಿರಿ. ಹೆಚ್ಚುಕಡಿಮೆ ಇದೇ ಕೋನ ಬರುವುದು. ಎಂದರೆ, ಎದುರಿನ ಕಟ್ಟಡವು ಎಷ್ಟು ಎತ್ತರವಿದೆಯೋ ಅದರ ಅರ್ಧದಷ್ಟಾದರೂ ಬಯಲು ನಡುವೆ ಇರಬೇಕು. ಇದರಿಂದ ಕೆಳಗಿನ ಕೋಣೆಗೆ ಯಾವಾಗಲೂ ನೇರ ಬಿಸಿಲು ಬೀಳುವುದೆಂದು ತಿಳಿಯಬೇಡಿರಿ. ಡಿಸೆಂಬರದ ಕೊನೆಯಲ್ಲಿ ಮುಂಬಯಿಯ ನಡುಹಗಲಿನ ಸೂರ್ಯನೇ ದಿಗಂತದಿಂದ ಸುಮಾರು 47½ ಡಿಗ್ರಿಗಿಂತ ಮೇಲೇರುವುದಿಲ್ಲ. ನಿಯಮವು ಬೇಡಿದ್ದು ಬಿಸಿಲನ್ನಲ್ಲ, ಆಕಾಶದ ಒಂದು ತುಣುಕನ್ನು ಮಾತ್ರ.

ಈಗ ಆ ಹುಡುಗನ ಮನೆಗೆ ಬರೋಣ. ಏಳು ಮಾಳಿಗೆಯ ಕಟ್ಟಡದ ಎತ್ತರ ಸುಮಾರು 21 ಮೀಟರು ಎನ್ನೋಣ. ಹಳೆಯ ನಿಯಮದಂತೆ ಎರಡು ಕಟ್ಟಡಗಳ ನಡುವೆ ಹತ್ತೂವರೆ ಮೀಟರು ಬಯಲಿರಬೇಕಾಗಿತ್ತು. ನಡುವೆ ಮೂರೇ ಮೀಟರು ಇದ್ದರೆ ಕೋನವು 82 ಡಿಗ್ರಿಯ ಹತ್ತಿರ ಹೋಗುವುದು. ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿದರಷ್ಟೇ ಆಕಾಶ! ಬಾವಿಯ ತಳದಲ್ಲಿರುವ ಕಪ್ಪೆಯ ಕಥೆಯನ್ನು ಬಾಲ್ಯದಲ್ಲಿ ಕೇಳಿ ನಕ್ಕಿದ್ದೆವಲ್ಲ, ಆ ಕಪ್ಪೆಗಾದರೂ ತಲೆಯ ಮೇಲೆ ಬೆಳಕಿತ್ತು.

ಮೂರು ಮೀಟರೆಂಬುದು ನಾನು ಕಲ್ಪಿಸಿದ ಲೆಕ್ಕವಲ್ಲ. ರಸ್ತೆ ರೈಲುಗಳ ಯೋಜನೆಗಳಿಗಾಗಿ ಎಬ್ಬಿಸಿದ ಜನರಿಗೆಂದು ಗೋವಂಡಿ ಮಾನಖುರ್ದಗಳ ಕಡೆಗೆ ಕಟ್ಟಿದ ಕೆಲವು ವಸತಿಗಳಲ್ಲಿ ಸಾಲುಗಳ ನಡುವಣ ಅಂತರ ಇಷ್ಟೇ ಇದೆ. ಲಲ್ಲೂಭಾಯಿ ಕಂಪೌಂಡ್, ನಟವರ ಪಾರೇಖ ಕಂಪೌಂಡ್ ಮತ್ತು ಪಿ.ಎಂ.ಜಿ. ಕಾಲನಿ ಎಂಬ ಮೂರು ವಸತಿಗಳನ್ನು ವೈದ್ಯರೂ ಮುಂಬಯಿಯ ಐ.ಐ.ಟಿ.ಯ ಸಂಶೋಧಕರೂ ಸೇರಿ ಪರೀಕ್ಷಿಸಿದರು. 2018ರಲ್ಲಿ ಹೊರಬಂದ ಅವರ ವರದಿಯ ಸಾರವಿಷ್ಟು: ಎಲ್ಲಿ ಕಟ್ಟಡಗಳು ಒತ್ತೊತ್ತಾಗಿವೆಯೋ, ಎಲ್ಲಿ ಕೆಳಗಿನ ಮಾಳಿಗೆಗಳಿಗೆ ಗಾಳಿ ಬೆಳಕುಗಳಿಲ್ಲವೋ, ಅಲ್ಲಿ ಕ್ಷಯವು ಹೆಚ್ಚು. ಬಯಲು ಹೆಚ್ಚಾಗಿರುವ ಮೂರನೆಯ ವಸತಿಯಲ್ಲಿ ಅದು ಬಹಳ ಕಡಿಮೆ. ಕ್ಷಯದ ಜೀವಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದು ಸಾರಿದ್ದು 1882ರಲ್ಲಿ. ಬಿಸಿಲು ಅದನ್ನು ಕೊಲ್ಲುವುದೆಂದೂ ಹರಿಯುವ ಗಾಳಿಯು ಅದನ್ನು ಚದುರಿಸುವುದೆಂದೂ ನಮಗೆ ತಿಳಿದು ಬಹಳ ಕಾಲವಾಯಿತು. ತಿಳಿದೂ ತಿಳಿದೂ ಹೀಗೆ ಕಟ್ಟಿದೆವು. ಔಷಧದ ಗುಳಿಗೆಯನ್ನು ಸರಕಾರ ಪುಕ್ಕಟೆ ಕೊಡುತ್ತಿದೆ, ರೋಗವನ್ನು ಕಟ್ಟಡವು ಪುಕ್ಕಟೆ ಕೊಡುತ್ತಿದೆ.

ಇಷ್ಟಾಗಿಯೂ ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಆ ನಗರಸುಧಾರಣಾ ಮಂಡಲಿಯ ಬಯಲು ಯಾರಿಗೆ ಸಿಕ್ಕಿತೆಂದು ವಿಚಾರಿಸಿದರೆ ಬೇಸರವಾಗುವುದು. ದಾದರ, ಮಾಟುಂಗಾಗಳಲ್ಲಿ ಅಚ್ಚುಕಟ್ಟಾದ ಬೀದಿಗಳು, ಫೈವ್ ಗಾರ್ಡನ್ಸ್‌ನಂತಹ ಉದ್ಯಾನಗಳು, ಹಿಂದೂ ಕಾಲನಿ, ಪಾರಸೀ ಕಾಲನಿಗಳು ಹುಟ್ಟಿದವು. ಅಲ್ಲಿಗೆ ಹೋಗಿ ನೆಲೆಸಿದವರು ಗುಮಾಸ್ತರು, ವಕೀಲರು, ಮಾಸ್ತರರು. ನಮ್ಮ ದಕ್ಷಿಣದವರು ಅನೇಕರು ಆ ಮಾಟುಂಗಾದಲ್ಲಿಯೇ ಬೇರೂರಿದ್ದಾರೆ. ಅಲ್ಲಿಯ ಇಡ್ಲಿ ಸಾಂಬಾರಿನ ಪರಿಮಳ ನಿಮಗೇನೂ ಹೊಸದಲ್ಲ. ಆದರೆ ಬೀದಿ ತೆಗೆಯುವುದಕ್ಕೆಂದು ಯಾರ ಖೋಲಿಗಳನ್ನು ಕೆಡವಿದರೋ ಆ ಬಡವರಿಗೆ ಕೆಡವಿದಷ್ಟು ಖೋಲಿಗಳು ಮರಳಿ ಸಿಕ್ಕಲಿಲ್ಲ. ಅವರು ಪಕ್ಕದ ಕೇರಿಗೆ ನುಗ್ಗಿ ಅಲ್ಲಿಯ ಇಕ್ಕಟ್ಟನ್ನು ಹೆಚ್ಚಿಸಿದರು. ಹೀಗೆ ಬೆಳಕಿನ ನಿಯಮವು ಬಾಡಿಗೆ ಕೊಡಬಲ್ಲವನ ಸೊತ್ತಾಯಿತು.

ಕೆಡವುವುದೇ ಸುಧಾರಣೆಯೆಂಬ ಈ ಅವಸರವನ್ನು ಆ ಕಾಲದಲ್ಲಿಯೇ ಒಬ್ಬರು ವಿರೋಧಿಸಿದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸರು 1914ರಲ್ಲಿ ಭಾರತಕ್ಕೆ ಬಂದು ಊರೂರು ಅಲೆದರು. ಆಗ ಮದರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಯನ್ನು ಕುರಿತೂ ಅವರು ವರದಿ ಬರೆದಿದ್ದಾರೆ. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಊರನ್ನು ಕಾಗದದ ಮೇಲೆ ನೋಡಬೇಡಿ, ಕಾಲ್ನಡಿಗೆಯಲ್ಲಿ ನೋಡಿ ಎಂಬುದು ಅವರ ಬೋಧೆ. ಕೇರಿಯನ್ನೇ ನೆಲಸಮ ಮಾಡುವ ಬದಲು ತೀರ ಶಿಥಿಲವಾದ ಒಂದೆರಡು ಮನೆಗಳನ್ನಷ್ಟೇ ತೆಗೆದು, ಆ ಜಾಗದಲ್ಲಿ ಒಂದು ಸಣ್ಣ ಬಯಲು, ಒಂದು ಮರ, ಆಡಲು ಮಕ್ಕಳಿಗೆ ಎಡೆ, ಇಷ್ಟು ಮಾಡಿದರೆ ಕೇರಿಯೆಲ್ಲ ಉಸಿರಾಡುವುದು ಎಂದರು. ಖರ್ಚೂ ಕಡಿಮೆ, ಜನರ ಕಣ್ಣೀರೂ ಕಡಿಮೆ. ಆದರೆ ಇಂತಹ ಕೆಲಸದ ಉದ್ಘಾಟನೆಗೆ ಕಲ್ಲು ನೆಡಿಸಲು ಏನಿದೆ? ಅವರ ವರದಿಗಳು ಹೆಚ್ಚಾಗಿ ಕಪಾಟು ಸೇರಿದವು.

ಬಿ.ಡಿ.ಡಿ. ಚಾಳುಗಳ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1920ರ ದಶಕದಲ್ಲಿ ಬಾಂಬೇ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ಗಿರಣಿ ಕಾರ್ಮಿಕರಿಗೆಂದು ವರಳಿ, ನಾಯಗಾಂವ, ಶಿವಡಿ, ಡಿಲಾಯಿಲ್ ರೋಡುಗಳಲ್ಲಿ 207 ಕಟ್ಟಡಗಳನ್ನು ಕಟ್ಟಿಸಿತು. ಒಂದೊಂದರಲ್ಲಿ 80 ಖೋಲಿಗಳು, ಖೋಲಿಯೊಂದಕ್ಕೆ 160 ಚದರ ಅಡಿ, ಸಂಡಾಸು ಎಲ್ಲರಿಗೂ ಸೇರಿದ್ದು. ಕಾರಾಗೃಹದಂತಿವೆಯೆಂದು ಆಗ ಜನ ಬೈದರು. ಆದರೆ ಅದೇ ಜನರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸಂಸಾರ ಮಾಡಿದರು, ಗಣೇಶೋತ್ಸವ ಮಾಡಿದರು, ಚಳವಳಿ ಮಾಡಿದರು. ಇದಕ್ಕೆ ಕಾರಣ ಖೋಲಿಯಲ್ಲ. ಖೋಲಿಯ ಹೊರಗಿನ ಉದ್ದನೆಯ ಓಣಿ, ಕಟ್ಟಡಗಳ ನಡುವಣ ಅಗಲವಾದ ಮೈದಾನ. ಊರಿನಲ್ಲಿ ಜಗಲಿಯೂ ಅಂಗಳವೂ ಮಾಡುವ ಕೆಲಸವನ್ನು ಚಾಳಿನಲ್ಲಿ ಇವು ಮಾಡಿದವು. ತಾಯಿ ನಳಕ್ಕೆ ಹೋದಾಗ ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ಬಾಗಿಲಲ್ಲಿ ಕುಳಿತ ನೆರೆಯ ಅಜ್ಜಿಯಿದ್ದಳು. ಹೊಸ ಕಟ್ಟಡಗಳಲ್ಲಿ ಎರಡೂ ಕಡೆ ಬಾಗಿಲುಗಳಿರುವ ಕತ್ತಲೆಯ ಓಣಿಯುಂಟು. ಅಲ್ಲಿ ಅಜ್ಜಿ ಕೂರುವುದಿಲ್ಲ. ಒಂಟಿ ಹುಡುಗಿ ಅಲ್ಲಿ ಹಾದುಹೋಗಲು ಹೆದರುವಳು. ಸಮಾಜವು ಕೆಟ್ಟಿತು, ನೆರೆಹೊರೆ ಸತ್ತಿತು ಎಂದು ಹಲುಬುವವರು ಮೊದಲು ಆ ಓಣಿಯ ನಕಾಶೆಯನ್ನು ನೋಡಲಿ.

ಇದಕ್ಕೆ ಪ್ರತಿಯಾಗಿ ಹೇಳುವವರ ವಾದವನ್ನು ನಾನು ಕೇಳಿಲ್ಲವೆಂದಲ್ಲ. 2011ರ ಜನಗಣತಿಯಂತೆ ಬೃಹನ್ಮುಂಬಯಿಯಲ್ಲಿ ನೂರಕ್ಕೆ ಸುಮಾರು 41 ಜನ ಝೋಪಡಪಟ್ಟಿಯ ನಿವಾಸಿಗಳು. ಕಲಬುರ್ಗಿ, ಯಾದಗಿರಿಗಳ ಕಡೆಯಿಂದ ರಸ್ತೆ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಬಂದ ನಮ್ಮವರು ಅವರಲ್ಲಿ ಎಷ್ಟೋ ಜನರಿದ್ದಾರೆ. ನೆಲಕ್ಕೆ ಚಿನ್ನದ ಬೆಲೆ. ನಡುವೆ ಹತ್ತು ಮೀಟರು ಬಿಟ್ಟರೆ ಅಷ್ಟು ಮನೆಗಳು ಕಡಿಮೆಯಾಗುವುವು. ಬೀದಿಯಲ್ಲಿ ಮಲಗುವವನಿಗೆ ಬೆಳಕಿನ ಉಪನ್ಯಾಸವೇಕೆ, ಮೊದಲು ಸೂರು ಕೊಡಿರಿ ಎನ್ನುವರು. ಮಾತು ತೂಕವುಳ್ಳದ್ದು. ಆದರೆ ಅರ್ಧವೇ ನಿಜ. 1995ರಲ್ಲಿ ಝೋಪಡಪಟ್ಟಿಗಳ ಪುನರ್ವಸತಿಗಾಗಿ ಪ್ರಾಧಿಕಾರವು ಏರ್ಪಟ್ಟಾಗ ಕುಟುಂಬವೊಂದಕ್ಕೆ 225 ಚದರ ಅಡಿ ಪುಕ್ಕಟೆಯೆಂದಾಯಿತು, ಮುಂದೆ ಅದು 269 ಆಗಿ, ಬಳಿಕ 300 ಆಯಿತು. ಖರ್ಚನ್ನು ಹೊರುವ ಬಿಲ್ಡರನು ಅದೇ ನೆಲದ ಒಂದು ಭಾಗದಲ್ಲಿ ಮಾರಾಟದ ಮನೆಗಳನ್ನು ಕಟ್ಟಿ ತನ್ನ ಹಣವನ್ನು ತೆಗೆದುಕೊಳ್ಳುವನು. ಹೀಗಾಗಿ ಬಡವರ ಕಟ್ಟಡಗಳು ಮೂಲೆಗೆ ಒತ್ತಿಕೊಂಡಷ್ಟೂ ಮಾರಾಟದ ಕಟ್ಟಡಕ್ಕೆ ಜಾಗ ಹೆಚ್ಚು. ಕಟ್ಟಡಗಳ ನಡುವಣ ಬಯಲಿನ ನಿಯಮಗಳಲ್ಲಿಯೂ ಪುನರ್ವಸತಿಯ ಕಟ್ಟಡಗಳಿಗೆ ಸಡಿಲಿಕೆಯುಂಟು. ಬಯಲು ಎಲ್ಲಿಯೂ ಮಾಯವಾಗಲಿಲ್ಲ. ಬೇಲಿಯ ಆಚೆಗೆ, ಈಜುಕೊಳದ ಸುತ್ತ ಹೋಗಿ ಕುಳಿತಿದೆ. ನೆಲದ ಅಭಾವವು ಎಲ್ಲರಿಗೂ ಒಂದೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಖಾಡಿಯ ಆಚೆ ಬೇಲಾಪುರಕ್ಕೆ ಹೋದವರು ಆರ್ಟಿಸ್ಟ್ಸ್ ವಿಲೇಜ್ ಎಂದು ಜನ ಕರೆಯುವ ವಸತಿಯನ್ನು ನೋಡಿರಬಹುದು. ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ರೂಪಿಸಿದ್ದು. ಸುಮಾರು ಆರು ಹೆಕ್ಟೇರು ನೆಲದಲ್ಲಿ ಐನೂರೈವತ್ತರಷ್ಟು ಕುಟುಂಬಗಳಿಗೆಂದು ಯೋಜಿಸಿದರು. ನಿವೇಶನಗಳಲ್ಲಿ ದೊಡ್ಡವನದೂ ಚಿಕ್ಕವನದೂ ಬಹಳ ಅಂತರವಿಲ್ಲ. 45ರಿಂದ 75 ಚದರ ಮೀಟರು, ಅಷ್ಟೇ. ಏಳು ಮನೆಗಳು ಸೇರಿ ಎಂಟು ಮೀಟರು ಉದ್ದಗಲದ ಒಂದು ಅಂಗಳವನ್ನು ಸುತ್ತುವರಿಯುವುವು. ಅಂತಹ ಮೂರು ಗುಂಪುಗಳು ಕೂಡಿ ಇನ್ನೂ ದೊಡ್ಡದೊಂದು ಅಂಗಳಕ್ಕೆ ತೆರೆಯುವುವು. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಗಲುವುದಿಲ್ಲವಾದ್ದರಿಂದ, ಕೈಯಲ್ಲಿ ಹಣ ಕೂಡಿದಾಗ ಯಜಮಾನನು ನೆರೆಯವನ ಅಪ್ಪಣೆ ಕೇಳದೆ ಒಂದು ಕೋಣೆಯನ್ನು ಸೇರಿಸಬಹುದು. ಆಕಾಶಕ್ಕೆ ತೆರೆದ ಜಾಗವೂ ಮನೆಯ ಒಂದು ಕೋಣೆಯೇ ಎಂಬುದು ಕೊರಿಯಾ ಅವರ ಜೀವನದುದ್ದಕ್ಕೂ ಬಂದ ನಿಲುವು. ನಮ್ಮಂತಹ ಹವೆಯಲ್ಲಿ ವರ್ಷದ ಹೆಚ್ಚಿನ ದಿನ ಮನುಷ್ಯನು ಅಲ್ಲಿ ಅಡಿಗೆ ಮಾಡಬಹುದು, ಓದಬಹುದು, ಮಲಗಬಹುದು. ಇಂದು ಆ ಮನೆಗಳಲ್ಲಿ ಅನೇಕವನ್ನು ಒಡೆದು ಹಲವು ಮಾಳಿಗೆಗಳ ಮನೆಗಳನ್ನು ಎಬ್ಬಿಸಿದ್ದಾರೆ. ಅದನ್ನು ಕಂಡು ಕಲಾರಸಿಕರು ಮರುಗುವರು. ನನಗೆ ಅಷ್ಟು ಮರುಕವಿಲ್ಲ. ಅಂಗಳಗಳು ಉಳಿದಿವೆ, ಮರಗಳು ಬೆಳೆದಿವೆ.

ಬಯಲೆಂದರೆ ಬೆಳಕಿಗಷ್ಟೇ ಅಲ್ಲ, ನೀರಿಗೂ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ವಿಹಾರ, ಪವಾಯಿ ಕೆರೆಗಳ ಕೋಡಿಯ ನೀರನ್ನು ಮಾಹೀಮದ ಖಾಡಿಗೆ ಒಯ್ಯುವ ಮಿಠೀ ನದಿಯ ಇಕ್ಕೆಲಗಳನ್ನೂ ನಾವು ತುಂಬಿಬಿಟ್ಟಿದ್ದೆವು. ಕಾಂದಳದ ಕಾಡನ್ನು ಸವರಿ ಜೌಗನ್ನು ಮುಚ್ಚಿದ್ದೆವು. ನದಿಯು ತನ್ನ ಬಯಲನ್ನು ಒಂದೇ ದಿನದಲ್ಲಿ ಮರಳಿ ಕೇಳಿತು. ಅಂದು ನಿಮ್ಮ ತಂದೆತಾಯಿಗಳು ಎಲ್ಲೆಲ್ಲಿ ಸಿಕ್ಕಿಬಿದ್ದಿದ್ದರೆಂದು ಮನೆಯಲ್ಲಿ ಕೇಳಿರಿ. ಪ್ರತಿಯೊಬ್ಬರ ಬಳಿಯೂ ಒಂದು ಕಥೆಯುಂಟು.

ನಮ್ಮ ಮಕ್ಕಳಲ್ಲಿ ಬಹಳ ಮಂದಿಯ ಮನೆಗಳಿಗೆ ಈಗ ರೀಡೆವಲಪ್‌ಮೆಂಟಿನ ಕಾಗದಗಳು ಬರುತ್ತಿವೆ. ಚಾಳು ಹೋಗಿ ಟವರು ಬರುವುದು. ಸಭೆಗಳು ನಡೆಯುತ್ತಿವೆ. ನಾನೂ ನಮ್ಮ ಕಟ್ಟಡದ ಇಂತಹ ನಾಲ್ಕು ಸಭೆಗಳಲ್ಲಿ ಕುಳಿತಿದ್ದೇನೆ. ಅಲ್ಲಿ ಕೇಳುವ ಪ್ರಶ್ನೆಗಳು ಮೂರು: ಎಷ್ಟು ಚದರ ಅಡಿ? ಎಷ್ಟು ಭಾಡೆ? ಎಂದಿಗೆ ಕೀಲಿಕೈ? ಮೂರೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ನಾಲ್ಕನೆಯದೊಂದನ್ನು ಯಾರೂ ಕೇಳುವುದಿಲ್ಲ: ನಮ್ಮ ಕಿಟಕಿಗೂ ಎದುರಿನ ಗೋಡೆಗೂ ನಡುವೆ ಎಷ್ಟು ಮೀಟರು? ಇಪ್ಪತ್ತೈದು ಚದರ ಅಡಿ ಹೆಚ್ಚು ಸಿಕ್ಕಿತೆಂದು ಪೇಢೆ ಹಂಚಿದವರು, ಆ ಇಪ್ಪತ್ತೈದು ಅಡಿ ಬಂದದ್ದು ತಮ್ಮದೇ ಅಂಗಳದಿಂದ ಎಂಬುದನ್ನು ಗೃಹಪ್ರವೇಶದ ದಿನ ದೀಪ ಹಾಕುವಾಗ ಕಾಣುವರು. ದೀಪಕ್ಕೆ ಬಿಲ್ಲು ಬರುವುದು, ಪಂಕಕ್ಕೆ ಬಿಲ್ಲು ಬರುವುದು, ಡಾಕ್ಟರರದು ಬೇರೆ. ಬೆಳಕಿಲ್ಲದ ಮನೆ ಪುಕ್ಕಟೆ ಸಿಕ್ಕರೂ ತುಟ್ಟಿಯ ಮನೆಯೇ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಬಡವನ ಮನೆಗೆ ಮತ್ತು ಧನಿಕನ ಮನೆಗೆ ಬೇರೆ ಬೇರೆ ಬಯಲಿನ ನಿಯಮವಿರಕೂಡದು. ಚದರ ಅಡಿಯನ್ನು ಬೇಕಾದರೆ ಹತ್ತು ಕಡಿಮೆ ಮಾಡಲಿ, ಬಯಲನ್ನು ಕಡಿಮೆ ಮಾಡಬಾರದು. ಚಿಕ್ಕ ಮನೆಯನ್ನು ಮನುಷ್ಯನು ತನ್ನ ಜಾಣ್ಮೆಯಿಂದ ದೊಡ್ಡದು ಮಾಡಿಕೊಳ್ಳಬಲ್ಲನು; ಅಟ್ಟ ಹಾಕುವನು, ಮಡಿಸುವ ಮಂಚ ಮಾಡಿಸುವನು. ಎದುರಿನ ಕಟ್ಟಡವನ್ನು ಹಿಂದಕ್ಕೆ ತಳ್ಳುವ ಜಾಣ್ಮೆ ಯಾರಲ್ಲಿಯೂ ಇಲ್ಲ.

ಆ ಪ್ರಬಂಧದ ಬಳಿಕ ಎಂಟನೆಯ ಇಯತ್ತೆಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಒಂದು ದಾರದ ಉಂಡೆ, ಒಂದು ಕೋನಮಾಪಕ ತೆಗೆದುಕೊಂಡು ತಂತಮ್ಮ ಮನೆಯ ಕೆಳಗೆ ನಿಂತು ಕೋನವನ್ನು ಅಳೆದು ತರಬೇಕು. ದಾರ ಜೋಲಾಡುವುದು, ಕೈ ನಡುಗುವುದು, ಎರಡು ಮೂರು ಡಿಗ್ರಿ ಹೆಚ್ಚು ಕಡಿಮೆಯಾಗುವುದು, ಚಿಂತೆಯಿಲ್ಲ. ಬಂದ ಅಂಕೆಗಳನ್ನು ವರ್ಗದ ಹಿಂದಿನ ಗೋಡೆಗೆ ಬರೆದು ಅಂಟಿಸಿದ್ದೇವೆ. ಶಾಲೆಗೆ ಬಂದವರು ನೋಡಬಹುದು. ಗಡಿಯಾರದ ವಾಕ್ಯ ಬರೆದ ಹುಡುಗನ ಕಾಗದದಲ್ಲಿ 80 ಎಂದಿದೆ. ಮಾಟುಂಗಾದ ಹಳೆಯ ಕಟ್ಟಡದಲ್ಲಿರುವ ಹುಡುಗಿಯೊಬ್ಬಳದು 58. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುವರು.

ಕಳೆದ ತಿಂಗಳು ನಮ್ಮ ಕಟ್ಟಡದ ಐದನೆಯ ಸಭೆ ನಡೆಯಿತು. ಬಿಲ್ಡರನ ಕಡೆಯವರು ಬಣ್ಣದ ಚಿತ್ರಗಳನ್ನು ತಂದಿದ್ದರು. ಅವುಗಳಲ್ಲಿ ಟವರಿನ ಸುತ್ತ ತೆಂಗಿನ ಮರಗಳೂ ಬಿಳಿಯ ಮೋಡಗಳೂ ಇದ್ದವು. ಮೂರು ಪ್ರಶ್ನೆಗಳು ಮುಗಿದ ಮೇಲೆ ನಾನು ಎದ್ದು ನಾಲ್ಕನೆಯದನ್ನು ಕೇಳಿದೆ. ಅವರು ನಕಾಶೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಬಹಳ ಹೊತ್ತು ಹುಡುಕಿದರು. ಪಕ್ಕದ ನಿವೇಶನದ ಟವರನ್ನು ಆ ನಕಾಶೆಯಲ್ಲಿ ತೋರಿಸಿಯೇ ಇರಲಿಲ್ಲ. ಮುಂದಿನ ಸಭೆಯಲ್ಲಿ ತಿಳಿಸುತ್ತೇವೆಂದು ಹೇಳಿದ್ದಾರೆ. ಹಿಂದಿನ ಸಾಲಿನಲ್ಲಿದ್ದ ನೆರೆಮನೆಯ ಅಜ್ಜಿಯೊಬ್ಬರು, “ಮಾಸ್ತರರೇ, ಆ ದಿನ ನನ್ನನ್ನೂ ಕರೆಯಿರಿ, ನಾನೂ ಕೇಳುತ್ತೇನೆ” ಎಂದರು.